ಕೈ ಮೊದಲು ಮುಟ್ಟುವ ಜಾಗ

ಸಾಗರದ ಹತ್ತಿರ ನಮ್ಮ ಅಡಿಕೆ ತೋಟ. ಮಂಗ, ಹಂದಿ ಓಡಿಸೋಕೆ ಅಪ್ಪ ಲೈಸೆನ್ಸ್ ಮಾಡಿಸಿ ಕೋವಿ ಇಟ್ಟುಕೊಂಡಿದ್ದರು. ಕೋವಿಯನ್ನು ಹೆಗಲಿಗೆ ಒತ್ತಿ ಹಿಡಿದರೆ ಪೆಟ್ಟನ್ನು ಹೆಗಲೇ ತಡೆಯುತ್ತದೆ. ಟೆಕ್ಸಾಸ್‌ಗೆ ಬಂದ ಮೇಲೆ ಕೊಂಡ ಪಿಸ್ತೂಲಿಗೆ ಆ ಆಸರೆ ಇಲ್ಲ. ಇರುವುದು ಎರಡು ಅಂಗೈ ಮಾತ್ರ.

ನಮ್ಮ ಮನೆ ಊರಿಂದ ಆಚೆ. ಯಜಮಾನರು ಕೆಲಸದ ಮೇಲೆ ಆಗಾಗ ಬೇರೆ ಊರಿಗೆ ಹೋಗುತ್ತಾರೆ, ಮಗಳು ಚಿಕ್ಕವಳು. ಅದಕ್ಕೇ ಕಲಿಯಲು ಹೊರಟೆ. 2021ರ ಸೆಪ್ಟೆಂಬರ್‌ನಿಂದ ಇಲ್ಲಿ ಪಿಸ್ತೂಲು ಜೊತೆಗೆ ಇಟ್ಟುಕೊಳ್ಳಲು ಹೆಚ್ಚಿನವರಿಗೆ ಲೈಸೆನ್ಸ್ ಬೇಕಿಲ್ಲ. ಆದರೂ ನಾನು ಮಾಡಿಸಿದೆ. ಪರೀಕ್ಷೆಯಲ್ಲಿ 3, 7, 15 ಗಜದಿಂದ ಒಟ್ಟು 50 ಗುಂಡು. 250ಕ್ಕೆ 175 ಬಂದರೆ ಪಾಸ್. ಪಾಸಾದೆ. ಆದರೆ ಅಲ್ಲಿ ಹೋಲ್‌ಸ್ಟರ್‌ನಿಂದ, ಅಂದರೆ ಸೊಂಟಕ್ಕೆ ಕಟ್ಟುವ ಒರೆಯಿಂದ, ಪಿಸ್ತೂಲು ತೆಗೆಯಬೇಕಿರಲಿಲ್ಲ. ನಿಧಾನವಾಗಿ ಕೈ ಸರಿ ಮಾಡಿಕೊಂಡು ಹೊಡೆದಿದ್ದೆ. ಕತ್ತಲಲ್ಲಿ, ಹೆದರಿಕೆಯಲ್ಲಿ ಅಷ್ಟು ಪುರುಸೊತ್ತು ಎಲ್ಲಿರುತ್ತದೆ?

ನನ್ನ ಹಿಡಿತವೇ ಸರಿ ಇಲ್ಲ ಅಂತ ಮುಂದೆ ರೇಂಜ್‌ನಲ್ಲಿ, ಗುಂಡು ಹೊಡೆದು ಅಭ್ಯಾಸ ಮಾಡುವ ಜಾಗದಲ್ಲಿ, ಗೊತ್ತಾಯಿತು. ಒಂದು ಮ್ಯಾಗಝೀನ್ (ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ) ಪೂರ್ತಿ ನಡುಮಧ್ಯೆ ಬೀಳುತ್ತಿತ್ತು, ಇನ್ನೊಂದು ಪೂರ್ತಿ ಎಡಕ್ಕೆ, ಕೆಳಕ್ಕೆ. ಕಲಿಸುವವರು ಟಾರ್ಗೆಟ್ ಕಡೆ ನೋಡಲೇ ಇಲ್ಲ. "ಎರಡು ಗುಂಡಿಗೊಮ್ಮೆ ಎಡಗೈ ಸರಿ ಮಾಡ್ಕೊಳ್ತಾ ಇದ್ದೀರಿ" ಎಂದರು.

ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಕವಲು ಪಿಸ್ತೂಲಿನ ಹಿಡಿಯ ಹಿಂಬದಿಯಲ್ಲಿ ಎಷ್ಟು ಮೇಲೆ ಕೂರುತ್ತದೋ ಅಷ್ಟು ಒಳ್ಳೆಯದು. ಗುಂಡು ಹಾರುವಾಗ ಹಿಂದಕ್ಕೆ ಬರುವ ತಳ್ಳು ಕೈಗಿಂತ ಮೇಲಿರುತ್ತದೆ. ಆ ಅಂತರ ಜಾಸ್ತಿ ಆದಷ್ಟೂ ಮೂತಿ ಮೇಲಕ್ಕೆ ಏಳುತ್ತದೆ. ಆದರೆ ಗುಂಡು ಹಾರಿದಾಗ ಹಿಂದಕ್ಕೆ ಸರಿಯುವ ಮೇಲ್ಭಾಗ, ಅಂದರೆ ಸ್ಲೈಡ್‌ನ ಹಿಂದೆ ಬೆರಳು ಬರಲೇಬಾರದು, ಚರ್ಮ ಸೀಳಿಬಿಡುತ್ತದೆ. ಎಡ ಬದಿಯಲ್ಲಿ ಬಲಗೈ ಮುಚ್ಚದೆ ಉಳಿದ ಜಾಗಕ್ಕೆ ಎಡ ಅಂಗೈಯ ಬುಡ ಅಂಟಿ ಕೂರಬೇಕು. ನನಗೆ ಅಲ್ಲೇ ಸಂದು ಇತ್ತು. ಎಡ ಮಣಿಕಟ್ಟು ಸ್ವಲ್ಪ ಮುಂದಕ್ಕೆ ಬಾಗಿ, ಎರಡೂ ಹೆಬ್ಬೆರಳು ಟಾರ್ಗೆಟ್ ಕಡೆ ಚಾಚಿರಬೇಕು. 1980ರ ದಶಕದಲ್ಲಿ ಅಮೆರಿಕದ ಶೂಟರ್‌ಗಳಾದ ರಾಬ್ ಲೇಥಮ್, ಬ್ರಯಾನ್ ಎನೋಸ್ ಸ್ಪರ್ಧೆಗಳಲ್ಲಿ ಹೀಗೆ ಹಿಡಿದು ಗೆದ್ದು, ಇದನ್ನು ಎಲ್ಲರಿಗೂ ರೂಢಿ ಮಾಡಿಸಿದರು.

ಹಿಡಿಯುವ ಬಲವೂ ಎಡಗೈಯದ್ದೇ ಜಾಸ್ತಿ. ಹಾಲು ಕರೆಯುವಾಗ ಬೆರಳೆಲ್ಲ ಒಟ್ಟಿಗೆ ಮಡಚಿಕೊಳ್ಳುತ್ತವೆ ಅಲ್ವಾ? ಬಲಗೈಯನ್ನು ಬಿಗಿ ಮಾಡಿದರೆ ಟ್ರಿಗರ್ ಬೆರಳಿನ ಜೊತೆ ಉಳಿದವೂ ಹಾಗೇ ಮಡಚುತ್ತವೆ. ಮೂತಿ ಎಡಕ್ಕೆ, ಕೆಳಕ್ಕೆ ಜಗ್ಗುತ್ತದೆ.

ನನ್ನ ಕೈ ಚಿಕ್ಕದು. ಮೊದಲು ಕೊಂಡ ಗ್ಲಾಕ್ 19 ಪಿಸ್ತೂಲಿನಲ್ಲಿ ಟ್ರಿಗರ್ ಮುಟ್ಟಲು ಕೈಯನ್ನೇ ತಿರುಗಿಸಬೇಕಿತ್ತು. ಅದನ್ನು ಬಿಟ್ಟು ಅದೇ ಕಂಪನಿಯ ತೆಳ್ಳಗಿನ 43ಎಕ್ಸ್ ತೆಗೆದುಕೊಂಡೆ. 15ರ ಬದಲು 10 ಗುಂಡು. ಕೈಗೆ ಕೂರದ ಐದು ಗುಂಡು ನನಗೆ ಬೇಡ.

ಹಿಡಿತ ಕೂತಿದ್ದು ರೇಂಜ್‌ನಲ್ಲಿ ಅಲ್ಲ, ಮನೆಯಲ್ಲಿ. ಮಗಳು ಮಲಗಿದ ಮೇಲೆ ಮ್ಯಾಗಝೀನ್ ತೆಗೆದು, ಗುಂಡು ಹಾರಲು ಕೂರುವ ಚೇಂಬರ್ ಖಾಲಿ ಇದೆಯಾ ಎಂದು ಕಣ್ಣಿಂದಲೂ ಬೆರಳಿಂದಲೂ ನೋಡಿ, ಗುಂಡುಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು ಬಾಗಿಲು ಹಾಕುತ್ತೇನೆ. ಆಮೇಲೆ 20 ಸಲ ಹೋಲ್‌ಸ್ಟರ್‌ನಲ್ಲಿರುವ ಪಿಸ್ತೂಲಿಗೆ ಕೈ ಹಾಕುತ್ತೇನೆ, ಅಷ್ಟೇ. ಹೊರಗೆ ತೆಗೆಯುವುದಿಲ್ಲ. ಟ್ರಿಗರ್ ಬೆರಳು ನೆಟ್ಟಗೆ, ಹೊರಗಡೆ. ಕವಲು ಮೇಲೆ ಕೂತಿದೆಯಾ? ಇಲ್ಲದಿದ್ದರೆ ಕೈ ಬಿಟ್ಟು ಮೊದಲಿಂದ. ತಪ್ಪಾಗಿ ಹಿಡಿದು ಹೊರಗೆ ತೆಗೆದರೆ, ಸರಿ ಮಾಡಿಕೊಳ್ಳುವುದೇ ಅಭ್ಯಾಸವಾಗಿಬಿಡುತ್ತದೆ.

ಮೊದಲ ವಾರ 20ರಲ್ಲಿ ಎಂಟು ತಪ್ಪುತ್ತಿತ್ತು. ಅದರಲ್ಲಿ ಅರ್ಧ ಕುರ್ತಾದ ಅಂಚು ಕೈಗೆ ಸಿಕ್ಕಿಕೊಂಡೇ. ಈಗ ಎಡಗೈ ಬಟ್ಟೆಯನ್ನು ಎದೆವರೆಗೆ ಎತ್ತಿ ಹಿಡಿದ ಮೇಲೆಯೇ ಬಲಗೈ ಇಳಿಯುತ್ತದೆ.

ಹೋದ ಶನಿವಾರ 7 ಗಜದಲ್ಲಿ, ಹೋಲ್‌ಸ್ಟರ್‌ನಿಂದ ತೆಗೆದು ಐದು ಗುಂಡು ಹೊಡೆದೆ. ಐದನೆಯದರ ನಂತರ ಕೈ ನೋಡಿಕೊಂಡೆ. ಎಡ ಅಂಗೈ ಇಟ್ಟಲ್ಲೇ ಇತ್ತು.

ಚಳಿ ಶುರುವಾಗಿದೆ. ಇವತ್ತು ರಾತ್ರಿಯಿಂದ ಜಾಕೆಟ್ ಹಾಕಿಕೊಂಡು, ಮತ್ತೆ 20.