ಅಂಬಾಸಡರ್‌ಗೆ ದಪ್ಪ ಎಕ್ಸಾಸ್ಟ್ ಹಾಕಿಸಿದ ದಿನ

ನನ್ನ ಅಂಬಾಸಡರ್ ಮಾರ್ಕ್ 3ರ ಸೈಲೆನ್ಸರ್ ಪೂರ್ತಿ ಕೊಳೆತುಹೋಗಿತ್ತು. ಸ್ಕ್ರೂಡ್ರೈವರ್‌ನಲ್ಲಿ ಒತ್ತಿದರೆ ತಗಡು ಪುಡಿಯಾಗಿ ಉದುರುತ್ತಿತ್ತು. ಮುಂದಿನ ಪೈಪಿನಲ್ಲಿ ಪೈಪಿಗಿಂತ ವೆಲ್ಡಿಂಗ್ ತೇಪೆಯೇ ಜಾಸ್ತಿ. ಎಂಜಿನ್ನಿನ ಹೊಗೆ ಒಂದುಗೂಡುವ ಮ್ಯಾನಿಫೋಲ್ಡಿನಿಂದ ಬಂಪರ್‌ವರೆಗೆ ಎಲ್ಲ ಬದಲಾಯಿಸಲೇಬೇಕು ಅಂದಮೇಲೆ, ಸ್ವಲ್ಪ ದಪ್ಪ ಪೈಪೇ ಹಾಕಿಸೋಣ ಅಂದುಕೊಂಡೆ. ಎಷ್ಟು ದಪ್ಪ?

ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: "ಎರಡು ಇಂಚು ಹಾಕ್ಸಿ." ಅದಕ್ಕೆ ಅವರು ಕೊಡುವ ಕಾರಣವೂ ಒಂದೇ. ಅಂಬಾಸಡರ್‌ನ 1489 ಸಿಸಿ ಎಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್. 1955ರಲ್ಲಿ ಬಂದ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲೂ ಇದೇ ಅಳತೆಯ, ಇದೇ ಕುಟುಂಬದ ಎಂಜಿನ್ ಇತ್ತು. ಮಾತು ನಿಜ. ಆದರೆ ಎಂಜಿಎಗೆ ಎರಡು ಎಸ್‌ಯು ಕಂಪನಿಯ ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇದ್ದವು, 70 ಅಶ್ವಶಕ್ತಿಯ ಆಸುಪಾಸು ಕೊಡುತ್ತಿತ್ತು. ನಮ್ಮದಕ್ಕೆ ಇರೋದು ಒಂದೇ ಕಾರ್ಬುರೇಟರ್, ಸುಮಾರು 50 ಅಶ್ವಶಕ್ತಿ. ಒಳಗೆ ಹೋಗುವ ಗಾಳಿಯೇ ಕಡಿಮೆ ಇರುವಾಗ ಹೊರಗೆ ಬರೋದಕ್ಕೆ ಹೆದ್ದಾರಿ ಯಾಕೆ ಬೇಕು?

ಇನ್ನೊಂದು ವಿಷಯ. ಈ ಎಂಜಿನ್‌ನಲ್ಲಿ ನಾಲ್ಕು ಸಿಲಿಂಡರ್‌ಗೆ ಹೊಗೆ ಹೊರಹೋಗುವ ಎಕ್ಸಾಸ್ಟ್ ಕಿಂಡಿಗಳು ಮೂರೇ. ನಡುವಿನ ಎರಡು ಸಿಲಿಂಡರ್‌ಗಳು ಒಂದೇ ಕಿಂಡಿ ಹಂಚಿಕೊಳ್ಳುತ್ತವೆ. ಹೊಗೆ ಇಕ್ಕಟ್ಟಾಗುವುದು ಅಲ್ಲಿ, ಎಂಜಿನ್ ಹೆಡ್ಡಿನ ಒಳಗೇ. ಹಿಂದೆ ಎಂಥಾ ದಪ್ಪ ಪೈಪು ಹಾಕಿದರೂ ಆ ಇಕ್ಕಟ್ಟು ಹೋಗಲ್ಲ.

ಅತಿ ದಪ್ಪ ಪೈಪು ಹಾಕಿದರೆ ಉಲ್ಟಾ ನಷ್ಟವೂ ಇದೆ. ಒಲೆ ಊದುವ ಕೊಳವೆ ನೋಡಿದ್ದೀರಲ್ವಾ, ಸಣ್ಣಗಿದ್ದರೇ ಗಾಳಿ ಬಿರುಸಾಗಿ ಹೋಗೋದು. ಪೈಪಿನಲ್ಲೂ ಹಾಗೇ. ಹೊಗೆ ಬಿರುಸಾಗಿ ಓಡಿದರೆ ಅದರ ಹಿಂದೆ ಒತ್ತಡ ಇಳಿಯುತ್ತದೆ, ಸಿಲಿಂಡರ್‌ನಲ್ಲಿ ಉಳಿದ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಪೈಪು ಬೇಕಾದ್ದಕ್ಕಿಂತ ಅಗಲವಾದರೆ ಹೊಗೆಯ ಈ ಸೆಳೆತ ಸಡಿಲವಾಗುತ್ತದೆ, ಅದರ ಜೊತೆ ಕಾರಿನ ಎಳೆತವೂ ಕುಗ್ಗುತ್ತದೆ. ಅಂಬಾಸಡರ್ ಓಡಿಸುವವರಿಗೆ ಕಡಿಮೆ ಸ್ಪೀಡಿನಲ್ಲಿ ಸಿಗುವ ಎಳೆತವೇ ಮುಖ್ಯ. ಅದನ್ನು ಕಳೆದುಕೊಂಡು ಬರೀ ಶಬ್ದ ಪಡೆಯೋದು ನನಗೆ ಬೇಡವಾಗಿತ್ತು.

ಹಳೆ ಪೈಪಿಗೆ ವರ್ನಿಯರ್ ಹಿಡಿದು ನೋಡಿದೆ. ಹೊರಗಿನ ಅಳತೆ 1.5 ಇಂಚು. 16 ಗೇಜಿನ (ತಗಡು ಸುಮಾರು 1.6 ಮಿಲಿಮೀಟರ್ ದಪ್ಪದ) ಪೈಪು ಅಂತ ಲೆಕ್ಕ ಹಿಡಿದರೆ, 1.75 ಇಂಚಿಗೆ ಹೋದಾಗ ಒಳಗಿನ ಜಾಗ ಸುಮಾರು ಶೇಕಡ 40ರಷ್ಟು ಹೆಚ್ಚಾಗುತ್ತದೆ. 2 ಇಂಚಿಗೆ ಹೋದರೆ ಶೇಕಡ 86. ಈ ಎಂಜಿನ್‌ಗೆ 40 ಧಾರಾಳ ಸಾಕು. 1.75 ಅಂತ ಗಟ್ಟಿ ಮಾಡಿದೆ.

ಪೈಪು ಸ್ಟೇನ್‌ಲೆಸ್ ಸ್ಟೀಲ್, 304 ದರ್ಜೆಯದು. ದುಬಾರಿ ಹೌದು, ಆದರೆ ವಾರಕ್ಕೊಮ್ಮೆ ಓಡುವ ಕಾರಿಗೆ ಅದೇ ಸರಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ದೂರ ಓಡಿದರೆ ಅದು ಹಬೆಯಾಗಿ ಹೋಗುತ್ತದೆ. ಅಂಗಡಿಗೆ ಹೋಗಿ ಬಂದರೆ ಸೈಲೆನ್ಸರ್‌ನಲ್ಲೇ ನಿಂತು ಒಳಗಿಂದ ತಿನ್ನುತ್ತದೆ. ಕ್ಲಾಂಪು, ರಬ್ಬರ್ ಹ್ಯಾಂಗರ್, ಮ್ಯಾನಿಫೋಲ್ಡಿಗೆ ಹಿತ್ತಾಳೆ ನಟ್ಟುಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ತಂದೆ. ಹಿತ್ತಾಳೆ ನಟ್ಟು ತುಕ್ಕು ಹಿಡಿದು ಕಚ್ಚಿಕೊಳ್ಳಲ್ಲ. ಮುಂದೆ ಬಿಚ್ಚುವವರು ಸ್ಟಡ್ (ನಟ್ಟು ಕೂರುವ ಬೋಲ್ಟು) ಮುರಿಯುವ ಪ್ರಮೇಯ ಬರಲ್ಲ.

ಬೆಳಿಗ್ಗೆ ಗ್ಯಾರೇಜಿಗೆ ಹೋದಾಗ ಮೇಸ್ತ್ರಿ ಮೊದಲು ಮಾಡಿದ ಕೆಲಸ ಬ್ಯಾಟರಿ ಟರ್ಮಿನಲ್ ಬಿಚ್ಚಿಟ್ಟಿದ್ದು. ಆಮೇಲೆ ಕಾರನ್ನು ಮೇಲೆತ್ತಿ ಹಳೆಯದನ್ನೆಲ್ಲ ಕತ್ತರಿಸಿ ಕೆಳಗಿಳಿಸಿದರು. ಮುಂದಿನ ಪೈಪು, ಸೈಲೆನ್ಸರ್ ಬೇಗ ಕೂತವು. ಬಾಗಿಸಿದ ತುಂಡುಗಳನ್ನು ನಾನು ಮೊದಲೇ, ಒಳಗೆ ಆಸರೆ ಕೊಟ್ಟು ಪೈಪು ಬಾಗಿಸುವ ಮ್ಯಾಂಡ್ರೆಲ್ ಮೆಷಿನ್ ಇರುವ ಕಡೆ ಮಾಡಿಸಿ ತಂದಿದ್ದೆ. ಸಾದಾ ಮೆಷಿನ್‌ನಲ್ಲಿ ಒತ್ತಿ ಬಾಗಿಸಿದರೆ ಬಾಗಿದ ಜಾಗದಲ್ಲಿ ಪೈಪು ಚಪ್ಪಟೆಯಾಗುತ್ತದೆ. ದಪ್ಪ ಪೈಪಿಗೆ ದುಡ್ಡು ಕೊಟ್ಟು ತಿರುವಿನಲ್ಲಿ ಸಣ್ಣ ಪೈಪು ಸಿಕ್ಕ ಹಾಗಾಗುತ್ತದೆ.

ಅರ್ಧ ದಿನ ತಿಂದಿದ್ದು ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು) ಮೇಲೆ ಹಾದುಹೋಗುವ ತುಂಡು. ಕಾರು ಲಿಫ್ಟಿನ ಮೇಲೆ ನಿಂತಾಗ ಚಕ್ರಗಳು ನೇತಾಡುತ್ತವೆ, ಆಕ್ಸಲ್ ಕೆಳಗೆ ಜೋತುಬೀಳುತ್ತದೆ. ಆಗ ಆಕ್ಸಲ್‌ಗೂ ಪೈಪಿಗೂ ನಡುವೆ ಕೈ ಹಾಕುವಷ್ಟು ಜಾಗ ಕಾಣುತ್ತದೆ. ಕಾರು ಕೆಳಗಿಳಿದ ತಕ್ಷಣ ಆ ಜಾಗದಲ್ಲಿ ಮುಕ್ಕಾಲು ಪಾಲು ಮಾಯ. ನಮ್ಮ ಮೇಸ್ತ್ರಿಗೆ ಇದು ಚೆನ್ನಾಗಿ ಗೊತ್ತು. ಪೈಪಿಗೆ ಬರೀ ಟ್ಯಾಕ್ (ಅಲ್ಲಲ್ಲಿ ಚುಕ್ಕೆ ವೆಲ್ಡಿಂಗ್) ಹೊಡೆದು ಕಾರನ್ನು ಕೆಳಗಿಳಿಸಿದರು. "ಬನ್ರೋ, ಎಲ್ಲ ಹಿಂದೆ ಕೂತ್ಕೊಳಿ" ಅಂತ ಹುಡುಗರನ್ನು ಕರೆದು ಹಿಂದಿನ ಸೀಟು ತುಂಬಿಸಿದರು. ಆಮೇಲೆ ಟಾರ್ಚ್ ಹಿಡಿದು ಕಾರಿನ ಕೆಳಗೆ ನುಸುಳಿದರು. ನಾನೂ ಪಕ್ಕದಲ್ಲೇ ಮಲಗಿ ನೋಡಿದೆ. ಉಳಿದಿದ್ದು ಎರಡು ಬೆರಳಿನ ಸಂದು. ಅದೇ ಹೊತ್ತಿಗೆ ಆಕ್ಸಲ್‌ಗೂ, ಅದು ತೀರಾ ಮೇಲೇಳದಂತೆ ತಡೆಯುವ ಬಂಪ್ ರಬ್ಬರ್‌ಗೂ ನಡುವೆ ಅದಕ್ಕಿಂತ ಜಾಸ್ತಿ ಅಂತರ ಇತ್ತು. ಅಂದರೆ ಹಂಪ್ ಹಾರಿದಾಗ ಆಕ್ಸಲ್ ರಬ್ಬರ್‌ಗೆ ತಾಗುವ ಮೊದಲೇ ಪೈಪಿಗೆ ಬಡಿಯುತ್ತದೆ.

"ಇಲ್ಲಿ ಹಳೆ ಸೈಜೇ ಇಟ್ಬಿಡೋಣ ಸಾರ್, ಇಷ್ಟೊತ್ತಿಗೆ ಹೊಗೆ ತಣ್ಣಗಾಗಿರುತ್ತೆ" ಅಂದರು ಮೇಸ್ತ್ರಿ.

ಆ ಮಾತು ನನಗೆ ಬಹಳ ಹಿಡಿಸಿತು. ಹೊಗೆ ಹಿಂದೆ ಹೋದಂತೆ ತಣ್ಣಗಾಗಿ ಕುಗ್ಗುತ್ತದೆ. ಮುಂದೆ ಬೇಕಾಗುವಷ್ಟು ಜಾಗ ಹಿಂದೆ ಬೇಕಾಗಲ್ಲ. ಹಾಗಾಗಿ ಮ್ಯಾನಿಫೋಲ್ಡಿನಿಂದ ಸೈಲೆನ್ಸರ್‌ವರೆಗೆ 1.75, ಆಕ್ಸಲ್ ಮೇಲಿನಿಂದ ಬಾಲದವರೆಗೆ 1.5 ಅಂತ ತೀರ್ಮಾನವಾಯಿತು. ಹುಡುಗರು ಮತ್ತೆ ಹಿಂದೆ ಕೂತರು. ಈ ಸಲ ಪೈಪನ್ನು ಸ್ವಲ್ಪ ಮೇಲಕ್ಕೂ ಎತ್ತಿ ಕಟ್ಟಿದ್ದರಿಂದ ಸಂದು ಬಂಪ್ ರಬ್ಬರ್‌ನ ಅಂತರಕ್ಕಿಂತ ಜಾಸ್ತಿ ಉಳಿಯಿತು.

ಹ್ಯಾಂಗರ್‌ಗಳೆಲ್ಲ ರಬ್ಬರಿನವು. ಎಂಜಿನ್ ಅದರ ಮೌಂಟಿಂಗ್ ಮೇಲೆ ಅಲುಗುತ್ತಲೇ ಇರುತ್ತದೆ. ಬಿಸಿಗೆ ಪೈಪೂ ಬೆಳೆಯುತ್ತದೆ. ಎರಡು ಮೀಟರ್ ಸಾದಾ ಕಬ್ಬಿಣದ ಪೈಪು 300 ಡಿಗ್ರಿ ಬಿಸಿಯೇರಿದರೆ ಸುಮಾರು 7 ಮಿಲಿಮೀಟರ್ ಉದ್ದವಾಗುತ್ತದೆ, ಸ್ಟೇನ್‌ಲೆಸ್ ಇನ್ನೂ ಜಾಸ್ತಿ. ಬಿಗಿಯಾಗಿ ಕಟ್ಟಿದರೆ ಎಲ್ಲಾದರೂ ಸೀಳು ಬಿಡೋದು ಗ್ಯಾರಂಟಿ.

ಸ್ಟಾರ್ಟ್ ಮಾಡಿದಾಗ ಶಬ್ದ ಸ್ವಲ್ಪ ಗಡಸಾಗಿತ್ತು, ಆದರೆ ಜೋರಾಗಿರಲಿಲ್ಲ. ಅದೇ ನನಗೆ ಬೇಕಾಗಿದ್ದದ್ದು. ಬೀದಿಯವರ ನಿದ್ದೆ ಕೆಡಿಸುವ ಹಳೆ ಕಾರು ಯಾರಿಗೂ ಇಷ್ಟವಾಗಲ್ಲ. ಎಂಜಿನ್ ಬಿಸಿಯಾದ ಮೇಲೆ ಮೇಸ್ತ್ರಿ ಎಸ್‌ಯು ಕಾರ್ಬುರೇಟರ್‌ನ ಒಳಗೆ ಗಾಳಿಗೆ ತಕ್ಕಂತೆ ಏರಿಳಿಯುವ ಪಿಸ್ಟನ್ನನ್ನು ಒಂದು ಚೂರು ಎತ್ತಿ ನೋಡಿದರು. ಎಂಜಿನ್ ತಡವರಿಸಿ ಆಫ್ ಆಗುವ ಹಾಗಾಯಿತು. ಅಂದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ. ಹೊಗೆ ಸಲೀಸಾಗಿ ಹೋಗುವಂತಾದಾಗ ಗಾಳಿ ಜಾಸ್ತಿ ಬರುತ್ತದೆ, ಮಿಶ್ರಣ ತೆಳುವಾಗುತ್ತದೆ. ಪೆಟ್ರೋಲ್ ಬರುವ ಜೆಟ್ ಕೆಳಗಿನ ನಟ್ಟನ್ನು ಸ್ವಲ್ಪ ಇಳಿಸಿ, ಪೆಟ್ರೋಲ್ ಹೆಚ್ಚಿಸಿ, ಮತ್ತೆ ಪಿಸ್ಟನ್ ಎತ್ತಿದರು. ಸ್ಪೀಡ್ ಒಂದು ಕ್ಷಣ ಏರಿ ಮತ್ತೆ ತನ್ನ ಜಾಗಕ್ಕೆ ಬಂದು ನಿಂತಿತು. ಸರಿಯಾಗಿದೆ ಅನ್ನೋದಕ್ಕೆ ಅದೇ ಗುರುತು.

ಮಾರನೇ ದಿನ ಹಿಂದಿನ ಸೀಟಿನ ತುಂಬ ಮನೆಯವರನ್ನು ಕೂರಿಸಿಕೊಂಡು ನಂದಿ ಬೆಟ್ಟ ಹತ್ತಿದೆ. ಹೊರಡುವ ಮೊದಲು ಆಕ್ಸಲ್ ಮೇಲಿನ ಪೈಪಿಗೆ ಸೀಮೆಸುಣ್ಣ ಬಳಿದಿದ್ದೆ. ತಾಗಿದರೆ ಅಳಿಸಿರಬೇಕಲ್ವಾ. ಏರಿನಲ್ಲಿ ಮೂರನೇ ಗೇರಿನ ಎಳೆತ ಮೊದಲಿನಷ್ಟೇ ಇತ್ತು, ಒಂಚೂರೂ ಕಮ್ಮಿಯಾಗಿರಲಿಲ್ಲ. ವ್ಯತ್ಯಾಸ ಗೊತ್ತಾಗಿದ್ದು ಹೆದ್ದಾರಿಯಲ್ಲಿ, 70 ದಾಟಿದ ಮೇಲೆ. ಮೊದಲು ಅಲ್ಲಿ ಎಂಜಿನ್ ಉಸಿರು ಕಟ್ಟಿದ ಹಾಗೆ ಮಾಡುತ್ತಿತ್ತು, ಈಗ ಆಕ್ಸಿಲರೇಟರ್ ಒತ್ತಿದರೆ ಇನ್ನೂ ಹೋಗುತ್ತೇನೆ ಅನ್ನುತ್ತದೆ. ಮನೆಗೆ ಬಂದು ಕೆಳಗೆ ಬಗ್ಗಿ ನೋಡಿದರೆ ಸೀಮೆಸುಣ್ಣ ಹಾಗೇ ಇತ್ತು. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ನೋಡಿದೆ, ನಾಲ್ಕೂ ತಿಳಿ ಕಂದು, ಅಂದರೆ ಮಿಶ್ರಣ ಸರಿಯಿದೆ ಅಂತ. ಪೈಪು ಪೂರ್ತಿ ತಣ್ಣಗಾದ ಮೇಲೆ ಕ್ಲಾಂಪುಗಳಿಗೆಲ್ಲ ಇನ್ನೊಂದು ಸುತ್ತು ಸ್ಪ್ಯಾನರ್ ಕೊಟ್ಟೆ. ಮೊದಲ ಬಿಸಿಗೆ ಅವು ಸಡಿಲವಾಗೇ ಆಗಿರುತ್ತವೆ.