ಒರಿಸ್ಕನಿ ನೋಡುವುದಾದರೆ ಪೂರ್ವದ ಕಡೆಯಿಂದ ಹೋಗಿ

ಬಾಸ್ಟನ್ ಕಡೆಯಿಂದ ಕಾರಿನಲ್ಲಿ ನಯಾಗರಾಗೆ ಹೋಗುವವರು ಆಲ್ಬನಿ ದಾಟಿದ ಮೇಲೆ ಮೊಹಾಕ್ ನದಿಯ ಪಕ್ಕದಲ್ಲೇ ಸಾಗುತ್ತಾರೆ. ಊರಿಂದ ಬಂದ ಅಪ್ಪ ಅಮ್ಮನಿಗೆ ಜಲಪಾತ ತೋರಿಸುವ ಅವಸರದಲ್ಲಿ ನಡುವೆ ಯಾರೂ ಇಳಿಯುವುದಿಲ್ಲ. ಒಂದು ಹಗಲು ಮಿಗಿಸಿಕೊಂಡು ಇಳಿಯಿರಿ. 1777ರ ಆಗಸ್ಟ್‌ನಲ್ಲಿ ಟ್ರಯಾನ್ ಕೌಂಟಿ ಮಿಲಿಷಿಯಾ ಒರಿಸ್ಕನಿಯ ಕಾದಾಟಕ್ಕೆ ನಡೆದ ದಾರಿ ಇದು; ಅಮೆರಿಕ ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಕಾಲ.

ಮಿಲಿಷಿಯಾದವರು ಕಾಯಂ ಸಿಪಾಯಿಗಳಲ್ಲ. ಹೊಲ ಮಾಡಿಕೊಂಡಿದ್ದವರು, ಕರೆ ಬಂದರೆ ಕೋವಿ ಹಿಡಿದು ಬರಬೇಕು. ಬ್ರಿಟಿಷರ ಪಡೆ ಅಮೆರಿಕನ್ನರ ಕೈಯಲ್ಲಿದ್ದ ಸ್ಟ್ಯಾನ್‌ವಿಕ್ಸ್ ಕೋಟೆಯ ಕಡೆ ಬರುತ್ತಿದೆ ಎಂದು ಗೊತ್ತಾದಾಗ ಜನರಲ್ ನಿಕೊಲಸ್ ಹರ್ಕಿಮರ್ 16ರಿಂದ 60 ವರ್ಷದ ಗಂಡಸರಿಗೆಲ್ಲ ಕರೆ ಕೊಟ್ಟ. ನಾಲ್ಕು ರೆಜಿಮೆಂಟ್, ಸುಮಾರು 800 ಜನ, ಜೊತೆಗೆ ಎತ್ತಿನ ಗಾಡಿಗಳು. ಹೆಚ್ಚಿನವರು ಜರ್ಮನಿಯಿಂದ ಬಂದು ನೆಲೆಸಿದವರ ಮಕ್ಕಳು, ಮೊಮ್ಮಕ್ಕಳು.

ಮೊದಲು ಲಿಟಲ್ ಫಾಲ್ಸ್ ಬಳಿಯ ಹರ್ಕಿಮರ್ ಮನೆ. 1764ರ ದೊಡ್ಡ ಇಟ್ಟಿಗೆ ಮನೆ, ಅಲ್ಲೇ ಅವನ ಸಮಾಧಿ. ಚಳಿಗಾಲದಲ್ಲಿ ಹೋದರೆ ಬಾಗಿಲು ಹಾಕಿರಬಹುದು, ವೆಬ್‌ಸೈಟ್ ನೋಡಿಕೊಂಡು ಹೊರಡಿ. ಮಿಲಿಷಿಯಾ ಆಗಸ್ಟ್ 4ರಂದು ಹೊರಟ ಡೇಟನ್ ಕೋಟೆ ಇದ್ದದ್ದು ಈಗಿನ ಹರ್ಕಿಮರ್ ಊರಿನಲ್ಲಿ. ಕೋಟೆ ಈಗಿಲ್ಲ, ನಿಲ್ಲುವ ಅಗತ್ಯವಿಲ್ಲ.

ಸಮಯವನ್ನೆಲ್ಲ ಒರಿಸ್ಕನಿ ಮೈದಾನಕ್ಕೆ ಇಡಿ. ಅದು 69ನೇ ರಸ್ತೆಯ ಪಕ್ಕದಲ್ಲೇ ಇದೆ. 1884ರಲ್ಲಿ ನಿಲ್ಲಿಸಿದ ಎತ್ತರದ ಕಲ್ಲಿನ ಸ್ತಂಭ ದೂರದಿಂದಲೇ ಕಾಣುತ್ತದೆ. ಅದರ ಕೆಳಗೆ ಫೋಟೊ ತೆಗೆದು ಸುಮ್ನೆ ವಾಪಸ್ ಬರುವವರೇ ಜಾಸ್ತಿ. ನೀವು ಕೊರಕಲಿನ ಕಡೆ ಹೋಗಿ, ಅಲ್ಲಿ ಕಥೆ ಅರ್ಥವಾಗುತ್ತದೆ. ಸ್ಟ್ಯಾನ್‌ವಿಕ್ಸ್ ಕೋಟೆಯಿಂದ ಗುರುತಿನ ಮೂರು ಫಿರಂಗಿ ಸದ್ದು ಕೇಳುವ ತನಕ ಕಾಯೋಣ ಎಂದಿದ್ದ ಹರ್ಕಿಮರ್. ಅವನ ಕೈಕೆಳಗಿನ ಕರ್ನಲ್‌ಗಳೇ ಅವನನ್ನು ಹೇಡಿ ಎಂದರು. ಅವನ ತಮ್ಮ ಬ್ರಿಟಿಷರ ಕಡೆ ಸೇರಿದ್ದರಿಂದ ಅನುಮಾನ ಬೇರೆ. ಕೊನೆಗೆ ರೇಗಿ ಹೊರಟ. ಆಗಸ್ಟ್ 6ರ ಬೆಳಿಗ್ಗೆ ಸಾಲು ಈ ಕೊರಕಲಿಗೆ ಇಳಿದಾಗ ಬ್ರಿಟಿಷರ ಪರವಿದ್ದ ಮೊಹಾಕ್, ಸೆನೆಕಾ ಮೂಲನಿವಾಸಿ ಯೋಧರೂ ಜಾನ್ ಜಾನ್ಸನ್‌ನ ಪಡೆಯವರೂ ಹೊಂಚು ಹಾಕಿ ಕಾದಿದ್ದರು. ಜಾನ್ಸನ್ ಕಡೆಯವರಲ್ಲಿ ಹಲವರು ಇದೇ ಕಣಿವೆಯ ಹಳೆಯ ನೆರೆಹೊರೆಯವರು!

ಹಿಂದಿದ್ದ ರೆಜಿಮೆಂಟಿನ ಬಹುಪಾಲು ಜನ ಓಡಿಹೋದರು. ಉಳಿದವರು ಸಿಕ್ಕಿಬಿದ್ದರು. ಹರ್ಕಿಮರ್‌ನ ಕುದುರೆ ಸತ್ತಿತು, ಅವನ ಕಾಲಿಗೆ ಗುಂಡು ಬಿತ್ತು. ಜೀನನ್ನು ಬೀಚ್ ಮರದ ಬುಡಕ್ಕೆ ಹಾಕಿಸಿ, ಅದರ ಮೇಲೆ ಕೂತು ಪೈಪ್ ಸೇದುತ್ತಲೇ ಹುಕುಂ ಕೊಟ್ಟ ಎನ್ನುತ್ತಾರೆ. ನಡುವೆ ಜೋರು ಮಳೆ, ಗುಂಡಿನ ಸದ್ದು ನಿಂತಿತು. ಆಮೇಲೆ ಅವನು ಒಂದೊಂದು ಮರಕ್ಕೆ ಇಬ್ಬರನ್ನು ನಿಲ್ಲಿಸಿದ. ಒಬ್ಬ ಗುಂಡು ಹಾರಿಸಿ ಮದ್ದು ತುಂಬುವಾಗ ಎದುರಾಳಿ ಕೊಡಲಿ ಹಿಡಿದು ನುಗ್ಗುತ್ತಿದ್ದ, ಅದನ್ನು ತಪ್ಪಿಸಲು. ಮಿಲಿಷಿಯಾ ಪರವಾಗಿ ಒನೈಡಾ ಮೂಲನಿವಾಸಿ ಯೋಧರೂ ಹೋರಾಡಿದರು. ಅವರಲ್ಲೊಬ್ಬನಾದ ಹಾನ್ ಯೆರಿಯ ಮಣಿಕಟ್ಟಿಗೆ ಗುಂಡು ತಗುಲಿದಾಗ ಅವನ ಕೋವಿಗೆ ಮದ್ದು ತುಂಬಿ ಕೊಟ್ಟವಳು ಹೆಂಡತಿ. ನನ್ನ ಮಟ್ಟಿಗೆ ಇಡೀ ಜಾಗದಲ್ಲಿ ನೆನಪಿಡಬೇಕಾದವಳು ಅವಳು. ಮಿಲಿಷಿಯಾದ ಅರ್ಧಕ್ಕಿಂತ ಹೆಚ್ಚು ಜನ ಸತ್ತರು, ಗಾಯಗೊಂಡರು ಇಲ್ಲವೇ ಸೆರೆಯಾದರು. ಕಾಲು ಕತ್ತರಿಸಿದ ಮೇಲೆ ಹರ್ಕಿಮರ್ 16ರಂದು ಮನೆಯಲ್ಲಿ ತೀರಿಕೊಂಡ.

ಇಲ್ಲಿ ಶಾರ್ಟ್ಸ್ ಬೇಡ. ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣಿ ಹುಳುಗಳ ಕಾಟ ಇದೆ, ಉದ್ದ ಪ್ಯಾಂಟು ಹಾಕಿ. ಮಳೆ ಬಂದ ಮರುದಿನವಾದರೆ ಒಳ್ಳೆಯ ಶೂ ಬೇಕು.

ಸ್ಟ್ಯಾನ್‌ವಿಕ್ಸ್ ಕೋಟೆಯನ್ನು ಕೊನೆಗೆ ಇಟ್ಟುಕೊಳ್ಳಿ. ರೋಮ್ ಎಂಬ ಊರಿನ ನಡುಮಧ್ಯದಲ್ಲಿದೆ, ಇಲ್ಲಿಂದ ಆರೇ ಮೈಲಿ. ಆ ಆರು ಮೈಲಿಯನ್ನು ಮಿಲಿಷಿಯಾ ದಾಟಲಾಗಲಿಲ್ಲ, ಗಾಯಾಳುಗಳನ್ನು ಹೊತ್ತು ಹಿಂದಿರುಗಿತು. ಕೋಟೆಯನ್ನೇ ಮೊದಲು ನೋಡಿದರೆ ಈ ದೂರ ಮನಸ್ಸಿಗೆ ತಟ್ಟುವುದಿಲ್ಲ. ಈಗ ಕಾಣುವುದು 1970ರ ದಶಕದಲ್ಲಿ ಮತ್ತೆ ಕಟ್ಟಿದ ಕೋಟೆ, ಪ್ರವೇಶ ಉಚಿತ. ಕಾದಾಟ ನಡೆಯುತ್ತಿದ್ದಾಗಲೇ ಕೋಟೆಯ ಅಧಿಕಾರಿ ಮರೀನಸ್ ವಿಲೆಟ್ ಇಲ್ಲಿಂದ ಹೊರಬಿದ್ದು ಶತ್ರುಗಳ ಬಿಡಾರ ಲೂಟಿ ಮಾಡಿದ. ಅಮೆರಿಕನ್ ಜನರಲ್ ಬೆನೆಡಿಕ್ಟ್ ಅರ್ನಾಲ್ಡ್ ದೊಡ್ಡ ಪಡೆ ತರುತ್ತಿದ್ದಾನೆ ಎಂಬ ಸುದ್ದಿ ಹಬ್ಬಿ ಆಗಸ್ಟ್ 22ರಂದು ಬ್ರಿಟಿಷರು ಕೋಟೆಗೆ ಹಾಕಿದ್ದ ಮುತ್ತಿಗೆ ಮುರಿಯಿತು.

ಊಟಕ್ಕೆ ಯೂಟಿಕಾ ಹತ್ತಿರ. ಅಲ್ಲಿನ ಟೊಮೆಟೊ ಪೈ ತಣ್ಣಗೇ ತಿನ್ನುವ ತಿಂಡಿ, ಸಸ್ಯಾಹಾರಿಗಳು ಅದನ್ನೇ ಕೇಳಿ. ‘ಯೂಟಿಕಾ ಗ್ರೀನ್ಸ್’ ಎಂದರೆ ಬರೀ ಸೊಪ್ಪು ಅಂದುಕೊಳ್ಳಬೇಡಿ, ಸಾಮಾನ್ಯವಾಗಿ ಹಂದಿಮಾಂಸ ಹಾಕಿರುತ್ತಾರೆ. ವಿಚಾರಿಸಿ ಆರ್ಡರ್ ಮಾಡಿ.