ಬೀಚ್ ಬಿಟ್ಟು ನೇತ್ರಾವಳಿಗೆ ಹೊರಟರೆ

ಹುಬ್ಬಳ್ಳಿಯಿಂದ ಅಕ್ಕ, ಭಾವ, ಅವರ ಇಬ್ಬರು ಮಕ್ಕಳು ನವೆಂಬರ್‌ನಲ್ಲಿ ಬರ್ತೀವಿ ಅಂದಾಗ ಮೊದಲೇ ಹೇಳಿಬಿಟ್ಟೆ, ಈ ಸಲ ಕಲಂಗುಟ್ ಇಲ್ಲ. ನಾನು ಗೋವಾದ ವಾಸ್ಕೊಗೆ ಬಂದು ಹನ್ನೊಂದು ವರ್ಷ ಆಯ್ತು. ಊರಿಂದ ಬಂದವರನ್ನೆಲ್ಲ ಅದೇ ಬೀಚು, ಅದೇ ಚರ್ಚು, ಅದೇ ಗೋಡಂಬಿ ಅಂಗಡಿಗೆ ಕರ್ಕೊಂಡು ಹೋಗಿ ನನಗೇ ಸಾಕಾಗಿತ್ತು. ಈ ಸಲ ಗೋವಾದ ಒಳಭಾಗ ನೋಡೋಣ ಅಂತ ಎರಡು ರಾತ್ರಿ, ಮೂರು ಹಗಲಿನ ಲೆಕ್ಕ ಹಾಕಿದೆವು. ಮಡಗಾಂವ್, ಕೆಪೆ, ರಿವಣ ಮೇಲೆ ದಕ್ಷಿಣ ಗೋವಾದ ಕಾಡಂಚಿನ ಹಳ್ಳಿ ನೇತ್ರಾವಳಿ. ವಾಪಸ್ ಹೋಗುವಾಗ ಅವರು ಹೇಗೂ ಮೊಲೆಂ, ಅನಮೋಡ ಘಟ್ಟದ ಮೇಲೇ ಹುಬ್ಬಳ್ಳಿಗೆ ಹೋಗಬೇಕು. ಹಾಗಾಗಿ ಮೊಲೆಂ ಕಡೆಯ ತಾಂಬಡಿ ಸುರ್ಲದ ಹಳೇ ದೇವಸ್ಥಾನ ಕೊನೇ ದಿನಕ್ಕೆ.

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡ್ತೇನೆ. ರಿವಣ ದಾಟಿದ ಮೇಲೆ ಮೊಬೈಲ್ ಮ್ಯಾಪನ್ನೇ ನಂಬಿದೆ. ಅದು ನಮ್ಮನ್ನು ಹಳೇ ಗಣಿ ರಸ್ತೆಗೆ ಬಿಟ್ಟಿತು. ಈ ಕಡೆ ಒಂದು ಕಾಲಕ್ಕೆ ಕಬ್ಬಿಣದ ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದವು. 2012ರಲ್ಲಿ ಗಣಿ ನಿಂತಿತು, ಮುಂದೆ ಶುರುವಾಗಿ 2018ರಲ್ಲಿ ಮತ್ತೆ ನಿಂತಿತು. ಆದರೆ ಕೆಂಪು ಮಣ್ಣಿನ ಗುಡ್ಡಗಳು ಇನ್ನೂ ಹಾಗೇ ಇವೆ. ರಸ್ತೆ ಒಂದು ಗೇಟಿನ ಎದುರು ಮುಗಿದು ಹೋಯ್ತು, ಸಿಗ್ನಲ್ಲೂ ಹೋಯ್ತು. ಸೈಕಲ್ ಮೇಲೆ ಬಂದ ಅಜ್ಜನೊಬ್ಬ ಕೊಂಕಣಿಯಲ್ಲಿ ದಾರಿ ಹೇಳಿ, ನಮ್ಮ ಮುಂದೆಯೇ ಒಂದಷ್ಟು ದೂರ ಸೈಕಲ್ ತುಳಿದ. ‘ದೇವ್ ಬರೆಂ ಕರುಂ’ (ದೇವರು ಒಳ್ಳೇದು ಮಾಡಲಿ, ಅಂದರೆ ಥ್ಯಾಂಕ್ಸ್) ಅಂದೆ. ಇಷ್ಟು ಕೊಂಕಣಿ ಕಲಿತಿರಿ, ಬೇಕಾಗುತ್ತೆ. ಮನೆಯಲ್ಲೇ ಮ್ಯಾಪ್ ಡೌನ್‌ಲೋಡ್ ಮಾಡ್ಕೊಳ್ಳಿ. ಹೋಮ್‌ಸ್ಟೇಯವರ ಹತ್ತಿರ ಫೋನಿನಲ್ಲೇ ದಾರಿ ಬರೆಸಿಕೊಳ್ಳಿ.

ದಾರಿ ತಪ್ಪಿದ್ದರಿಂದ, ಮೊದಲು ನೋಡಬೇಕಿದ್ದ ಕಲ್ಲಿನ ಕೆತ್ತನೆಗಳ ಜಾಗ ಉಸ್ಗಾಳಿಮಳಕ್ಕೆ ಮುಟ್ಟಿದಾಗ ಮಧ್ಯಾಹ್ನ ಹನ್ನೆರಡೂವರೆ. ಕುಶಾವತಿ ನದಿ ದಂಡೆಯಲ್ಲಿ ಅಗಲವಾದ ಚಿರೆಕಲ್ಲಿನ ಹಾಸು. ಆದಿಮಾನವರು ಅದರ ಮೇಲೆ ಗೂಳಿ, ಜಿಂಕೆ, ನವಿಲು, ಮನುಷ್ಯರ ಆಕೃತಿ, ಸುತ್ತು ಸುತ್ತಾದ ಚಕ್ರವ್ಯೂಹದಂಥ ಗೆರೆ ಎಲ್ಲ ಕೊರೆದಿದ್ದಾರೆ, ನೂರಕ್ಕೂ ಜಾಸ್ತಿ. ಊರವರಿಗೆ ಮೊದಲೇ ಗೊತ್ತಿತ್ತು. ಪುರಾತತ್ವದವರಿಗೆ ತಿಳಿದದ್ದು 1993ರಲ್ಲಿ, ಅದೂ ಊರವರು ತೋರಿಸಿದ ಮೇಲೆ. ಆದರೆ ನಮಗೆ ಅವತ್ತು ಕಂಡದ್ದು? ಬರೀ ಕಲ್ಲು. ಸೂರ್ಯ ನೆತ್ತಿ ಮೇಲಿದ್ದರೆ ಗೆರೆಗಳಿಗೆ ನೆರಳೇ ಬೀಳೋದಿಲ್ಲ, ಎಲ್ಲ ಸಪಾಟಾಗಿ ಕಾಣುತ್ತೆ.

“ಮಾಮಾ, ಇಲ್ಲೇನ್ ಐತ್ರಿ? ಬರೇ ಕಲ್ಲ ಅದಾವಲ್ರಿ,” ಅಂದ ಅಕ್ಕನ ಮಗ.

ಭಾವನಿಗೆ ಉಪಾಯ ಹೊಳೆಯಿತು. ಬಾಟಲಿ ನೀರು ಸುರಿದು, ಗೆರೆ ಮೇಲೆ ಸೀಮೆಸುಣ್ಣ ತಿಕ್ಕಿದರೆ ಫೋಟೊ ಚಂದ ಬರುತ್ತಲ್ಲ! ಕೈ ಮುಗಿದು ಬೇಡ ಅಂದೆ. ಎಷ್ಟೋ ಜನ ಹಾಗೆ ಮಾಡ್ತಾರೆ. ತಿಕ್ಕಿದಷ್ಟೂ ಅಂಚು ಸವೆಯುತ್ತೆ. ಹೇಗೂ ಪ್ರತಿ ಮಳೆಗಾಲ ನದಿ ಉಕ್ಕಿ ಈ ಕಲ್ಲಿನ ಮೇಲೆ ಹರಿಯುತ್ತೆ, ಅದರ ಸವೆತವೇ ಸಾಕು. ನಮ್ಮ ಬೂಟೂ ಸೇರೋದು ಬೇಡ. ಚಪ್ಪಲಿ ಬಿಟ್ಟು, ಚಿತ್ರ ಇಲ್ಲದ ಜಾಗ ನೋಡಿ ಹೆಜ್ಜೆ ಇಡಿ.

ಮುಖ ಸಣ್ಣ ಮಾಡ್ಕೊಂಡು ನೇತ್ರಾವಳಿಗೆ ಹೋಗಿ ಊಟ ಮಾಡಿದೆವು. ಅಕ್ಕ ಬೇಡ ಅಂದರೂ ಸಂಜೆ ಮತ್ತೆ ಅಲ್ಲಿಗೇ ವಾಪಸ್ ಬಂದೆವು. ಐದು ಗಂಟೆ ಸುಮಾರಿಗೆ ಓರೆ ಬಿಸಿಲು ಬಿತ್ತು ನೋಡಿ, ಕಲ್ಲಿನ ಒಳಗಿಂದ ಎದ್ದು ಬಂದ ಹಾಗೆ ಒಂದೊಂದೇ ಗೂಳಿ! ಚಿಕ್ಕವಳು ಚಕ್ರವ್ಯೂಹದ ಗೆರೆಯನ್ನು ಗಾಳಿಯಲ್ಲೇ ಬೆರಳಾಡಿಸಿ ಸುತ್ತಿದಳು, ಕಲ್ಲು ಮುಟ್ಟಲಿಲ್ಲ. ಭಾವನ ಫೋಟೊ ಕೂಡ ಚಂದ ಬಂದವು. ಹಾಗಾಗಿ ಸಮಯ ಬರೆದಿಟ್ಟುಕೊಳ್ಳಿ: ಬೆಳಿಗ್ಗೆ ಬೇಗ, ಇಲ್ಲವೇ ಸಂಜೆ ಐದರ ಆಸುಪಾಸು. ಮಳೆಗಾಲದಲ್ಲಿ ಮಾತ್ರ ಬೇಡ.

ಉಳಿದದ್ದು ಹಳ್ಳಿಯ ಒಂದು ಹಂಚಿನ ಮನೆಯಲ್ಲಿ. ನಾಲ್ಕೇ ಕೋಣೆ, ಪಕ್ಕದಲ್ಲಿ ಅಡಿಕೆ ತೋಟ, ಕಾಳುಮೆಣಸಿನ ಬಳ್ಳಿ. ಊಟಕ್ಕೆ ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಕೋಕಂ ಹಾಕಿದ ಸೋಲ್‌ಕಡಿ. ನಾವು ಸಸ್ಯಾಹಾರ ಅಂತ ಒಂದು ದಿನ ಮೊದಲೇ ಹೇಳಿದ್ದಕ್ಕೆ ನಮಗೆ ಖತಖತೆ ಅನ್ನುವ ತರಕಾರಿ ಪಲ್ಯದ ಸಾರು ಮಾಡಿಟ್ಟಿದ್ದರು. ಹೋಟೆಲಿನ ಹಾಗೆ ಹೋದ ತಕ್ಷಣ ಕೇಳಿದರೆ ಸಿಗೋದಿಲ್ಲ. ಊಟ ಸೇರಿ ರೇಟ್ ಎಷ್ಟು, ಬಿಸಿನೀರು ಉಂಟಾ, ಎಲ್ಲ ಫೋನಿನಲ್ಲೇ ಕೇಳಿ.

ಮನೆ ಯಜಮಾನರಿಗೆ ಇನ್ನೂ ಹತ್ತು ಕೋಣೆ ಕಟ್ಟಿ ಅಂತ ಬಂದವರೆಲ್ಲ ಹೇಳ್ತಾರಂತೆ. “ಬಾವಿ ಏಪ್ರಿಲ್‌ಗೇ ತಳ ಕಾಣುತ್ತೆ, ಹತ್ತು ಕೋಣೆಗೆ ಎಲ್ಲಿಂದ ನೀರು ತರಲಿ? ಸ್ವಿಮ್ಮಿಂಗ್ ಪೂಲ್ ಇದೆಯಾ ಅಂತ ಕೇಳುವವರಿಗೆ ಹೊಳೆ ತೋರಿಸ್ತೇನೆ,” ಅಂದು ನಕ್ಕರು. ನನಗೆ ಈ ಲೆಕ್ಕವೇ ಸರಿ ಅನ್ನಿಸಿತು. ಗ್ರಾಮೀಣ ಪ್ರವಾಸೋದ್ಯಮ ಅಂದ ಕೂಡಲೇ ಕಾಂಕ್ರೀಟ್ ಪಾರ್ಕಿಂಗ್, ಸೆಲ್ಫಿ ಪಾಯಿಂಟ್ ಅಂತ ಶುರು ಮಾಡುವ ಮೊದಲು ಬಾವಿಯೊಳಗೆ ಒಮ್ಮೆ ಇಣುಕಿದರೆ ಸಾಕಲ್ವಾ? ನೀವೂ ಆರೇಳು ಜನಕ್ಕಿಂತ ದೊಡ್ಡ ಗುಂಪು ಕಟ್ಟಿಕೊಂಡು ಹೋಗಬೇಡಿ.

ಎರಡನೇ ದಿನ ಗೋಪಿನಾಥ ದೇವಸ್ಥಾನದ ಬುಡಬುಡ್ಯಾಚಿ ತಳಿ. ಕೆರೆಯ ತಳದಿಂದ ಗುಳ್ಳೆ ಏಳ್ತಾನೇ ಇರುತ್ತೆ, ಚಪ್ಪಾಳೆ ತಟ್ಟಿದರೆ ಜಾಸ್ತಿ ಅಂತಾರೆ. ಮಕ್ಕಳು ಅರ್ಧ ತಾಸು ತಟ್ಟಿದರು. ನಾನು ಸುಮ್ನೆ ಕೂತು ನೋಡಿದೆ, ತಟ್ಟದಿದ್ದರೂ ಬರ್ತಿತ್ತು! ಇದು ದೇವಸ್ಥಾನದ ಕೆರೆ, ಕಾಲು ಇಳಿಬಿಡಬೇಡಿ. ಅಲ್ಲಿಂದ ಸಾವರಿ ಜಲಪಾತಕ್ಕೆ ಕಾಡಿನೊಳಗೆ ನಡಿಗೆ. 1999ರಲ್ಲಿ ಅಭಯಾರಣ್ಯ ಆದ ಕಾಡಿದು, ಗೇಟಿನಲ್ಲಿ ಹೆಸರು ಬರೆಸಿ ಹೋಗಬೇಕು. ಮಳೆ ಜೋರಿದ್ದಾಗ ಜಲಪಾತಗಳಿಗೆ ಬಿಡದೆ ಇರುವುದೂ ಉಂಟು, ಮೊದಲೇ ವಿಚಾರಿಸಿ. ದಾರಿಯುದ್ದಕ್ಕೂ ಮತ್ತಿ ಮರ. ಗೋವಾದ ರಾಜ್ಯವೃಕ್ಷ ಅದೇ, ಹೆಸರೂ ನಮ್ಮದೇ ‘ಮತ್ತಿ’. ಸ್ಪೀಕರ್ ಒಯ್ಯಬೇಡಿ, ಸ್ಟೀಲ್ ಬಾಟಲಿ ಒಯ್ಯಿರಿ. ಸ್ವಂತ ಗಾಡಿ ಇಲ್ಲದಿದ್ದರೆ ಮಡಗಾಂವ್‌ನಿಂದ ಸಾಂಗೆವರೆಗೆ ಬಸ್ ಸಿಗುತ್ತೆ, ಮುಂದಕ್ಕೆ ಕಡಿಮೆ. ಹೋಮ್‌ಸ್ಟೇಯವರಿಗೇ ಹೇಳಿ ಗಾಡಿ ಮಾಡಿಸಿಕೊಳ್ಳೋದು ವಾಸಿ.

ಮೂರನೇ ದಿನ ಬೆಳಿಗ್ಗೆ ಆರೂವರೆಗೇ ಹೊರಟು ತಾಂಬಡಿ ಸುರ್ಲದ ಮಹಾದೇವ ದೇವಸ್ಥಾನಕ್ಕೆ ಹೋದೆವು. ಗೋವಾ ಕದಂಬರ ಕಾಲದ್ದು, 12ನೇ ಶತಮಾನ. ಕರಿ ಕಲ್ಲು ಈ ಜಾಗದ್ದಲ್ಲ, ಘಟ್ಟದ ಮೇಲಿಂದ ತಂದದ್ದು ಅಂತ ಹೇಳ್ತಾರೆ. ಭಾವನಿಗೆ ಭಾರಿ ಖುಷಿ: “ಕಲ್ಲು ನಮ್ಮ ಕಡೀದು!” ಕಾಡಿನ ನಡುವೆ ಇದ್ದದ್ದಕ್ಕೇ ಇದು ಉಳಿಯಿತು. ಒಳಗೆ ಕಂಬದ ಬುಡದಲ್ಲಿ ಆನೆ ಕುದುರೆಯನ್ನು ತುಳಿಯುವ ಕೆತ್ತನೆ ಇದೆ, ತಲೆ ಎತ್ತಿದರೆ ಚಾವಣಿಯಲ್ಲಿ ಕಮಲ. ಎದುರಿಗಿನ ನಂದಿಗೆ ತಲೆ ಇಲ್ಲ. ಪೂರ್ವಕ್ಕೆ ಮುಖ ಮಾಡಿದ ಗುಡಿ, ಬೆಳಿಗ್ಗೆ ಹೋದರೆ ಬಿಸಿಲು ಒಳಗೆ ಬರುತ್ತೆ. ಹತ್ತು ಗಂಟೆ ಮೇಲೆ ಟೂರಿಸ್ಟ್ ಬಸ್ಸುಗಳು ಬಂದವು, ನಾವು ಪಕ್ಕದ ಹೊಳೆಗೆ ಇಳಿದೆವು.

ಮೊಲೆಂನಲ್ಲಿ ಸರ್ಕಾರಿ ಕದಂಬ ಬಸ್ಸಿನ ಮೇಲಿನ ಸಿಂಹ ತೋರಿಸಿ, ಅದೇ ಕದಂಬರ ಲಾಂಛನ ಅಂತ ಮಕ್ಕಳಿಗೆ ಹೇಳಿ ಬೀಳ್ಕೊಟ್ಟೆ. ಘಟ್ಟದಲ್ಲಿ ಕತ್ತಲೆ ಆಗಬಾರದು, ಮೂರರೊಳಗೆ ಮೊಲೆಂ ಬಿಡಿ. ರಾಮನಗರ ದಾಟಿದ ಮೇಲೆ ಅಕ್ಕನ ಫೋನ್ ಬಂತು, ಸ್ಟೀಲ್ ಬಾಟಲಿ ಎರಡೂ ನೇತ್ರಾವಳಿಯ ಕಟ್ಟೆ ಮೇಲೇ ಮರೆತಿದ್ದಾಳೆ. ಯಜಮಾನರಿಗೆ ಹೇಳಿದ್ದೇನೆ, ಎತ್ತಿಟ್ಟಿದ್ದಾರೆ. ಜನವರಿಯಲ್ಲಿ ಹೋಗಿ ತರಬೇಕು.